‘ಲವ್’ ಪದಕ್ಕೆ ಕನ್ನಡದಲ್ಲಿ ಯಾವ ವಿಭಕ್ತಿ?

ಇಂಗ್ಲಿಷಿನ ‘ಲವ್’ ಪದವನ್ನು ಕನ್ನಡಕ್ಕೆ ತರುವಾಗ ತೊಡಕಾಗುವುದು ಪದಗಳ ಕೊರತೆಯಿಂದಲ್ಲ. ಪ್ರೀತಿ, ಪ್ರೇಮ, ಒಲವು, ಅಕ್ಕರೆ, ಮಮತೆ, ವಾತ್ಸಲ್ಯ, ಮೋಹ ಎಂದು ಬೇಕಾದಷ್ಟಿವೆ. ಆದರೆ ಒಂದೊಂದಕ್ಕೂ ಅದರದೇ ಕಟ್ಟುಪಾಡು. ಕರು ಎಂಬ ಅರ್ಥದ ‘ವತ್ಸ’ದಿಂದ ಬಂದ ವಾತ್ಸಲ್ಯವು ಹಿರಿಯರಿಂದ ಕಿರಿಯರತ್ತ ಹರಿಯುವುದೇ ಹೊರತು, ಮಗುವಿಗೆ ತಾಯಿಯ ಮೇಲೆ ವಾತ್ಸಲ್ಯವಿದೆ ಎಂದು ಯಾರೂ ಬರೆಯುವುದಿಲ್ಲ. ಇಂಗ್ಲಿಷಿನ ಪದವಾದರೋ ದೇವರು, ಹೆಂಡತಿ, ಗಣಿತ, ಮಳೆ ಎಲ್ಲಕ್ಕೂ ಸಲ್ಲುತ್ತದೆ.

ನನ್ನನ್ನು ಹೆಚ್ಚು ಕಾಡಿರುವುದು ಕ್ರಿಯಾಪದ. ಇಂಗ್ಲಿಷಿನಲ್ಲಿ ಪ್ರೀತಿಸುವವನು ಕರ್ತೃ, ಪ್ರೀತಿಗೆ ಪಾತ್ರವಾದದ್ದು ಕರ್ಮ. ನಮ್ಮ ಆಡುಮಾತು ಈ ಜೋಡಣೆಗೆ ಸುಲಭವಾಗಿ ಬಗ್ಗುವುದಿಲ್ಲ. ‘ಅವನಿಗೆ ಮಗಳ ಮೇಲೆ ಅಕ್ಕರೆ’, ‘ನನಗೆ ಅವಳೆಂದರೆ ಪ್ರಾಣ’ ಎಂದು ಭಾವಕ್ಕೆ ಒಳಗಾದವರನ್ನು ಅದು ‘ಗೆ’ ಪ್ರತ್ಯಯದ ಚತುರ್ಥಿ ವಿಭಕ್ತಿಯಲ್ಲಿ ನಿಲ್ಲಿಸುತ್ತದೆ. ‘ಒಲಿ’ ಧಾತುವಿನಲ್ಲಂತೂ ದಿಕ್ಕೇ ತಿರುವುಮುರುವಾಗಬಲ್ಲದು. ‘ಅವನು ಅವಳಿಗೆ ಒಲಿದ’ ಎಂಬಲ್ಲಿ ಒಲಿದವನು ಅವನೇ ಆದರೂ, ‘ಅವನಿಗೆ ಸಂಗೀತ ಒಲಿದಿದೆ’ ಎಂಬಲ್ಲಿ ಒಲಿದದ್ದು ಸಂಗೀತ. ಸಂಗೀತವನ್ನು ಪ್ರೀತಿಸುವವರು ಕೇಳುಗರೆಲ್ಲರೂ. ಸಂಗೀತ ಒಲಿಯುವುದು ಕೆಲವರಿಗೆ ಮಾತ್ರ. ಅಂದಕ್ಕೆಂದು ‘ಲವ್’ ಇದ್ದೆಡೆಯಲ್ಲೆಲ್ಲ ‘ಒಲಿ’ಯನ್ನು ತಂದಿಡುವ ಅನುವಾದಕರು, ಬರೀ ಕೇಳುಗನನ್ನು ತಮಗರಿವಿಲ್ಲದೆಯೇ ವಿದ್ವಾಂಸನನ್ನಾಗಿಸಿಬಿಡುತ್ತಾರೆ.

‘ಲವ್’ ಪದದ ಮೂಲವೂ ಸ್ವಾರಸ್ಯಕರವಾಗಿದೆ. ಹಳೆಯ ಇಂಗ್ಲಿಷಿನ ‘ಲುಫು’, ಜರ್ಮನ್ನಿನ ‘ಲೀಬೆ’, ಸಂಸ್ಕೃತದ ‘ಲುಭ್’ ಧಾತು ಇವೆಲ್ಲ ಒಂದೇ ಬೇರಿನವು. ಅಲ್ಲಿ ಪ್ರೀತಿಯಾದದ್ದು ನಮ್ಮ ಕಡೆ ಅರಿಷಡ್ವರ್ಗದ ಲೋಭವಾಗಿ ಕುಳಿತಿದೆ. ಇಂಗ್ಲಿಷಿನಲ್ಲೂ ಈ ಪದದ ಹಾದಿ ನೇರವಾಗಿಲ್ಲ. ಬೈಬಲ್ಲಿನಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯದಲ್ಲಿ, ಪ್ರೀತಿ ಎಂಬ ಅರ್ಥದ ಗ್ರೀಕಿನ ‘ಅಗಾಪೆ’ಗೆ ಇಂಗ್ಲಿಷ್ ಅನುವಾದಕ ಟಿಂಡೇಲ್ 1526ರಲ್ಲಿ ‘ಲವ್’ ಎಂದು ಬರೆದರೆ, 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಅನುವಾದಕರು ಲ್ಯಾಟಿನ್ನಿನ ‘ಕಾರಿತಾಸ್’ ಅನ್ನು ಅನುಸರಿಸಿ ‘ಚಾರಿಟಿ’ ಎಂದರು. ಆ ಪದ ದಾನಧರ್ಮದ ಅರ್ಥಕ್ಕೆ ಜಾರಿದ ಮೇಲೆ, 1881ರಲ್ಲಿ ಆ ಅನುವಾದದ ಪರಿಷ್ಕರಣೆಯಲ್ಲಿ ‘ಲವ್’ ಮರಳಿ ಬಂತು. ಟೆನಿಸ್ಸಿನಲ್ಲಿ ಸೊನ್ನೆಗೆ ‘ಲವ್’ ಎನ್ನುವುದು ಮೊಟ್ಟೆ ಎಂಬ ಅರ್ಥದ ಫ್ರೆಂಚಿನ ‘ಲಫ್’ ಪದದಿಂದ ಬಂತೆಂಬ ಕಥೆಗಿಂತ, ಪಣವಿಲ್ಲದೆ ಬರೀ ಪ್ರೀತಿಗಾಗಿ ಆಡುವುದು ಎಂಬ ನುಡಿಗಟ್ಟಿನಿಂದ ಬಂತೆಂಬ ವಿವರಣೆಯೇ ನನಗೆ ಹೆಚ್ಚು ಒಪ್ಪಿತವಾಗುತ್ತದೆ.

ಕನ್ನಡದೊಳಕ್ಕೆ ಬಂದ ‘ಲವ್’ ಮಾತ್ರ ತೀರಾ ಕಿರಿದಾಗಿದೆ. ‘ಅವರಿಬ್ಬರಿಗೂ ಲವ್ ಆಗಿದೆ’ ಎಂದರೆ ಅರ್ಥ ಒಂದೇ. ‘ಅಜ್ಜಿಯ ಮೇಲೆ ಲವ್’ ಎಂದರೆ ನಗೆಪಾಟಲು. ಇಲ್ಲಿಯೂ ‘ಇಬ್ಬರಿಗೂ’ ಎಂಬ ಚತುರ್ಥಿಯೇ ಗೆದ್ದಿರುವುದನ್ನು ಗಮನಿಸಬೇಕು.

ನನಗಿನ್ನೂ ಬಗೆಹರಿಯದ ಬಳಕೆ ಒಂದಿದೆ. ಇಂಗ್ಲೆಂಡಿನಲ್ಲಿ ಅಂಗಡಿಯಾಕೆ ಗುರುತಿಲ್ಲದ ಗಿರಾಕಿಗೆ ಚಿಲ್ಲರೆ ಕೊಡುತ್ತಾ ‘ಲವ್’ ಎಂದು ಕರೆಯುವುದುಂಟು. ‘ಚಿನ್ನ’ ಎಂದರೆ ಸಲುಗೆ ಅತಿಯಾಗುತ್ತದೆ, ‘ಮಗಾ’ ಎಂದರೆ ವಯಸ್ಸಿನ ಅಂತರ ಅಡ್ಡ ಬರುತ್ತದೆ, ‘ಸ್ವಾಮಿ’ಯಲ್ಲಿ ಅಕ್ಕರೆ ಉಳಿಯುವುದಿಲ್ಲ. ಈ ಸಂಬೋಧನೆಗೆ ಬಲ್ಲವರು ಯಾವ ಪದವನ್ನು ಬಳಸುತ್ತೀರಿ?