ಹೋಟೆಲ್‌ನಲ್ಲಿ ಎರಡೇ ಟಾಯ್ಲೆಟ್‌ಗೆ ಜಾಗ: ಬೇರೆ ಬೇರೆ ಮಾಡಲಾ, ಕಾಮನ್ ಇಡಲಾ?

ಮುಂಬಯಿ ಹತ್ತಿರದ ಡೊಂಬಿವಲಿಯಿಂದ, ಕೇಳಿದವರು:
32 ಸೀಟಿನ ಹೋಟೆಲ್ ಶುರು ಮಾಡುತ್ತಿದ್ದೇನೆ. ಹಿಂದುಗಡೆ ಎರಡು ಟಾಯ್ಲೆಟ್‌ಗಷ್ಟೇ ಜಾಗ. ಗಂಡಸರಿಗೊಂದು, ಹೆಂಗಸರಿಗೊಂದು ಮಾಡಲಾ? ಎರಡನ್ನೂ ಎಲ್ಲರಿಗೂ ಬಿಡಲಾ? ಅನುಭವ ಇದ್ದವರು ಹೇಳಿ.

ಚೆಂಬೂರ್ ಹೋಟೆಲ್‌ನವರು:
2018ರಲ್ಲಿ ನಾನು ಎರಡೂ ಕಾಮನ್ ಇಟ್ಟೆ. ಎಂಟೇ ತಿಂಗಳಿಗೆ ಸಾಕಾಯಿತು. ಊಟದ ಹೊತ್ತಿಗೆ ಟಾಯ್ಲೆಟ್ ಸೀಟೆಲ್ಲ ಒದ್ದೆ. ದಿನಾ ಬರುತ್ತಿದ್ದ ನಾಲ್ಕು ಬ್ಯಾಂಕಿನ ಹೆಂಗಸರು ಬರುವುದನ್ನೇ ಬಿಟ್ಟರು. ಒಡೆಸಿ ಬೇರೆ ಮಾಡಿಸಿದೆ. ಪ್ಲಂಬರ್ 18,000 ಅಂದವನು 31,500 ತೆಗೆದುಕೊಂಡ. ಟೈಲ್ಸ್ 9,200. ಪೈಪ್ ಕಟ್ಟಡದ ಸೊಸೈಟಿಯದ್ದು ಅಂತ ತಕರಾರು ಬಂದು 11 ದಿನ ಕೆಲಸ ನಿಂತಿತು, ವ್ಯಾಪಾರವೂ ನಿಂತಿತು. ಈಗ ಹೆಂಗಸರ ಟಾಯ್ಲೆಟ್ ಕೀಲಿ ಗಲ್ಲಾದಲ್ಲೇ ಇರುತ್ತದೆ. ಕಣ್ಣು ಮುಚ್ಚಿ ಬೇರೆ ಮಾಡಿ.

ಥಾಣೆಯ ಅಕ್ಕ:
ಕೀಲಿ ಗಲ್ಲಾದಲ್ಲಾ? ಅಣ್ಣಾ, ಹತ್ತು ಗಂಡಸರ ಮುಂದೆ ಕೀಲಿ ಕೇಳುವ ಕಷ್ಟ ನಿಮಗೆ ಗೊತ್ತಾ? ಹದಿನಾಲ್ಕು ವರ್ಷ ಲೋಕಲ್ ರೈಲಿನಲ್ಲಿ ಮುಂಬಯಿಯ ಸಿಎಸ್‌ಟಿ ಸ್ಟೇಷನ್‌ಗೆ ಓಡಾಡಿದವಳು ನಾನು. ಸಂಜೆ ಮನೆ ಸೇರುವವರೆಗೆ ನೀರೇ ಕುಡಿಯುತ್ತಿರಲಿಲ್ಲ. ಮೂರು ಸಲ ಯೂರಿನ್ ಇನ್ಫೆಕ್ಷನ್. ಮೂರನೇ ಸಲ ಕಿಡ್ನಿಗೆ ಏರಿತು. ಐದು ದಿನ ಅಡ್ಮಿಟ್, 47,000 ರೂಪಾಯಿ. ಗಂಡಸರಿಗೆ ಮೂತ್ರಾಲಯ ಫ್ರೀ, ನಮಗೆ ಮಾತ್ರ ದುಡ್ಡು ಯಾಕೆ ಅಂತ 2011ರಲ್ಲಿ ಮುಂಬಯಿಯಲ್ಲಿ 'ರೈಟ್ ಟು ಪೀ' (ಮೂತ್ರ ಮಾಡುವ ಹಕ್ಕು) ಹೋರಾಟ ಶುರುವಾದಾಗ ನಾನೂ ಸಹಿ ಹಾಕಿದ್ದೆ. 2015ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟೇ ಹೆಂಗಸರಿಗೆ ಶುಚಿಯಾದ ಟಾಯ್ಲೆಟ್ ಕಟ್ಟಿ ಅಂತ ಪಾಲಿಕೆಗಳಿಗೆ ಹೇಳಿತು. ಬೇರೆ ಕಟ್ಟಿ ಬೀಗ ಹಾಕಿದರೆ ಕಟ್ಟಿ ಏನು ಬಂತು?

ವಾಶಿಯಿಂದ:
ಬೇರೆ ಬೇರೆ ಅನ್ನುವವರಿಗೆ ನನ್ನದೊಂದು ಮಾತು. ಅಮ್ಮನಿಗೆ ಲಕ್ವ ಹೊಡೆದಿತ್ತು. ದಾದರ್‌ನ ಒಂದು ಹೋಟೆಲ್‌ನಲ್ಲಿ ಹೆಂಗಸರ ಬಾಗಿಲ ಹೊರಗೆ ನಿಂತಿದ್ದೆ. "ಮಗಾ, ಏಳಲಿಕ್ಕೆ ಆಗ್ತಿಲ್ಲ" ಅಂತ ಒಳಗಿಂದ ಕರೆದಳು. ನಾನು ಒಳಗೆ ಕಾಲಿಡುವ ಹಾಗಿಲ್ಲ. ಯಾರೋ ಪುಣ್ಯಾತ್ಗಿತ್ತಿ ಬಂದು ಎಬ್ಬಿಸಿದರು. ಅವತ್ತೇ ನಿರ್ಧಾರ ಮಾಡಿದೆ. ನನ್ನ ಹೋಟೆಲ್‌ನಲ್ಲಿ ಎರಡೂ ಕಾಮನ್. ನೆಲದಿಂದ ಸೀಲಿಂಗ್‌ವರೆಗೆ ಗೋಡೆ, ಒಳಗೇ ಬೇಸಿನ್, ಹಿಡಿಯಲು ಸ್ಟೀಲ್ ಕಂಬಿ. ಗಂಡಸರಿಗೆ ಹೊರಗೊಂದು ಯೂರಿನಲ್, ಅದಕ್ಕೆ 6,800. ಒಟ್ಟು 74,300. ನಾಲ್ಕು ವರ್ಷದಿಂದ ಸೀಟು ಒದ್ದೆ ಅಂತ ಒಂದು ದೂರಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳನ್ನೂ ಗುರುತಿಸಿದೆಯಲ್ವಾ? ನಿಮ್ಮ ಎರಡು ಬೋರ್ಡಿನಲ್ಲಿ ಅವರು ಯಾವ ಬಾಗಿಲಿಗೆ ಹೋಗಬೇಕು?

ಚೆಂಬೂರ್ ಹೋಟೆಲ್‌ನವರು:
ಯೂರಿನಲ್‌ಗೆ ಜಾಗ ಇದ್ದವರು ಏನು ಬೇಕಾದರೂ ಹೇಳಬಹುದು ಮಾರಾಯ್ರೆ. ನನ್ನಲ್ಲಿ ದಿನಕ್ಕೆ 400 ಜನ.

ಥಾಣೆಯ ಅಕ್ಕ:
ವಾಶಿಯವರೇ, ಅಮ್ಮನ ಸಂಕಟ ಅರ್ಥವಾಗುತ್ತದೆ. ಆದರೆ ಗಂಡಸೊಬ್ಬ ಹೊರಗೆ ಬಂದ ಕೂಡಲೇ ಅದೇ ಬಾಗಿಲಿಗೆ ನನ್ನ ಹದಿಮೂರರ ಮಗಳನ್ನು ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಮತ್ತೆ, ನಿಮ್ಮಲ್ಲಿ ಪ್ಯಾಡ್ ಹಾಕಲು ಮುಚ್ಚಳದ ಡಬ್ಬ ಇದೆಯಾ?

ವಾಶಿಯಿಂದ:
ಎರಡರಲ್ಲೂ ಇದೆ. ಬಂದು ನೋಡಿ. ಚೆಂಬೂರ್‌ನವರದ್ದು ಜಾಗದ ಸಮಸ್ಯೆಯೇ ಅಲ್ಲ. ಗಂಟೆಗೊಮ್ಮೆ ತೊಳೆಯಲು ಜನ ಇಟ್ಟಿರಲಿಲ್ಲ, ಅಷ್ಟೇ.

ಚೆಂಬೂರ್ ಹೋಟೆಲ್‌ನವರು:
ಇಟ್ಟಿದ್ದೆ! ತಿಂಗಳಿಗೆ 9,000 ಕೊಟ್ಟು ಇಟ್ಟಿದ್ದೆ. ಮೂರು ಇಂಚಿನ ಪೈಪು ವಾರಕ್ಕೊಮ್ಮೆ ಚೋಕ್ ಆಗುತ್ತಿತ್ತು. ಸುಮ್ನೆ ಏನೇನೋ ಹೇಳಬೇಡಿ.

ಮುಲುಂಡ್‌ನಿಂದ:
ಕಮೋಡಿಗೆ ಮೂರು ಇಂಚಾ? ನಾಲ್ಕು ಇಂಚು ಹಾಕಬೇಕಿತ್ತು. ಆ ಪ್ಲಂಬರ್ ನಂಬರ್ ಯಾರಿಗೂ ಕೊಡಬೇಡಿ.