ಐದನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ ಬೇಡ ಎಂಬ ಮನವಿ: ಸಹಿ ಹಾಕಲಾ?

ಪ್ರಶ್ನೆ (ತಾಯಿ, ತುಮಕೂರು): ಮೇಡಂ, ನಮಸ್ಕಾರ. ಮಗಳು ಐದನೇ ಕ್ಲಾಸು, ಸ್ಟೇಟ್ ಸಿಲಬಸ್. ಐದು, ಎಂಟನೇ ಕ್ಲಾಸಿಗೆ ಮತ್ತೆ ಬೋರ್ಡ್ ಪರೀಕ್ಷೆ ತರಬಾರದು ಎಂದು ನಮ್ಮ ಶಾಲೆಯ ಪೋಷಕರು ಮನವಿಗೆ ಸಹಿ ಹಾಕಿಸುತ್ತಿದ್ದಾರೆ. ನಮ್ಮ ಯಜಮಾನರು "ನಾವೂ ಏಳನೇ ಕ್ಲಾಸಲ್ಲಿ ಪಬ್ಲಿಕ್ ಪರೀಕ್ಷೆ ಬರೆದವರೇ, ಏನಾಯ್ತು?" ಎನ್ನುತ್ತಾರೆ. ಆದರೆ 2024ರಲ್ಲಿ ದೊಡ್ಡ ಮಗ ಎಂಟನೇ ಕ್ಲಾಸಲ್ಲಿದ್ದ. ಅವನು ಪಟ್ಟ ಪಾಡು ನನಗೆ ಮರೆತಿಲ್ಲ. ಏನು ಮಾಡಲಿ?

ಉತ್ತರ (ನಿವೃತ್ತ ಮುಖ್ಯಶಿಕ್ಷಕಿ): ಸಹಿ ಹಾಕಿ ಅಮ್ಮಾ. ಆದರೆ ಏನಕ್ಕೆ ಹಾಕುತ್ತಿದ್ದೀರಿ ಎಂದು ತಿಳಿದು ಹಾಕಿ.

2024ರ ಮಾರ್ಚ್ ನನಗೂ ಮರೆತಿಲ್ಲ. 6ನೇ ತಾರೀಕು ಹೈಕೋರ್ಟ್‌ನ ಏಕಸದಸ್ಯ ಪೀಠ ಪರೀಕ್ಷೆಯನ್ನು ರದ್ದು ಮಾಡಿತು. ಮರುದಿನವೇ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು, ಪರೀಕ್ಷೆ ಅರ್ಧಕ್ಕೆ ನಿಂತಿತು. 22ಕ್ಕೆ ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪು ಕೊಟ್ಟಿತು, 25ರಿಂದ ಉಳಿದ ಪೇಪರ್. ಕೊನೆಗೆ ಏಪ್ರಿಲ್ 8ರಂದು ಫಲಿತಾಂಶಕ್ಕೇ ಸುಪ್ರೀಂ ಕೋರ್ಟ್ ತಡೆ. ಹತ್ತು ವರ್ಷದ ಮಕ್ಕಳು "ಮಿಸ್, ನಾಳೆ ಪರೀಕ್ಷೆ ಇದೆಯಾ?" ಎಂದು ಕೇಳಿದರೆ ಯಾವ ಟೀಚರಿಗೂ ಉತ್ತರ ಗೊತ್ತಿರಲಿಲ್ಲ. 2023ರಲ್ಲೂ ಹೀಗೇ ಆಗಿತ್ತು, ಪರೀಕ್ಷೆಗೆ ಮೂರು ದಿನ ಇರುವಾಗ ಕೋರ್ಟು, ತಡೆ.

ಕಾನೂನು ಹೇಳುವುದು ಇಷ್ಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಲೇಬೇಕು ಎಂದಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟನೇ ಕ್ಲಾಸಿಗೆ ವರ್ಷದ ಕೊನೆಯ ಪರೀಕ್ಷೆ ತಂದಿತು. ಫೇಲಾದ ಮಗುವಿಗೆ ಮತ್ತೆ ಪಾಠ ಮಾಡಿ, ಎರಡು ತಿಂಗಳೊಳಗೆ ಇನ್ನೊಂದು ಪರೀಕ್ಷೆ ಕೊಡಬೇಕು ಎಂದೂ ಅದರಲ್ಲೇ ಇದೆ. ಪರೀಕ್ಷೆಯ ವಿಷಯ ಎಲ್ಲರ ಬಾಯಲ್ಲೂ ಇದೆ. ಮತ್ತೆ ಪಾಠ ಮಾಡುವ ವಿಷಯ ಯಾರೂ ಎತ್ತುವುದಿಲ್ಲ. ನನ್ನ ಸಂಕಟ ಅದೇ.

ಪ್ರಶ್ನೆ (ತಂದೆ, ಹಾಸನ): ಮೇಡಂ, ಬೇಜಾರು ಮಾಡ್ಕೋಬೇಡಿ. ಪರೀಕ್ಷೆ ಇಲ್ಲ ಅಂದರೆ ಮಕ್ಕಳು ಓದುವುದೇ ಇಲ್ಲ. ನನ್ನ ಮಗ ಏಳನೇ ಕ್ಲಾಸು, 304ರಲ್ಲಿ 178 ಕಳೆಯಲು ಬರುವುದಿಲ್ಲ. ಎಲ್ಲರನ್ನೂ ಸುಮ್ನೆ ಪಾಸ್ ಮಾಡಿದ್ದರ ಫಲ ಇದು, ಅಲ್ವಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ ಸರ್. ಏಳನೇ ಕ್ಲಾಸಿಗೆ ಬರುವವರೆಗೆ ಅದನ್ನು ಯಾರೂ ನೋಡದೆ ಬಿಟ್ಟದ್ದು ತಪ್ಪು. ಆದರೆ ಪರೀಕ್ಷೆ ಇರಲಿಲ್ಲ ಎನ್ನಬೇಡಿ. ವರ್ಷಕ್ಕೆ ನಾಲ್ಕು ಎಫ್‌ಎ (ಪಾಠದ ನಡುವಿನ ಕಿರು ಪರೀಕ್ಷೆ), ಎರಡು ಎಸ್‌ಎ (ಅರ್ಧ ವರ್ಷಕ್ಕೊಂದು ದೊಡ್ಡ ಪರೀಕ್ಷೆ) ಇವೆ.

ಒಂದು ಕೆಲಸ ಮಾಡಿ. ಅವನು ಆ ಲೆಕ್ಕಕ್ಕೆ ಏನು ಉತ್ತರ ಬರೆದಿದ್ದಾನೆ ನೋಡಿ. 274 ಎಂದಿದ್ದರೆ, ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದ್ದಾನೆ. ಅವನಿಗೆ ಕಳೆಯಲು ಬರುತ್ತದೆ, ಸ್ಥಾನಬೆಲೆ ಮಾತ್ರ ತಿಳಿದಿಲ್ಲ. ಹೊರಗಿನಿಂದ ಬಂದ ಪೇಪರಿನಲ್ಲಿ ಇದಕ್ಕೆ ಸೊನ್ನೆ ಬೀಳುತ್ತದೆ, ಅಷ್ಟೇ. ಎದುರಿಗಿರುವ ಟೀಚರ್‌ಗೆ ಆ 274 ಕಂಡರೆ ನಾಳೆ ಏನು ಪಾಠ ಮಾಡಬೇಕೆಂದು ಗೊತ್ತಾಗುತ್ತದೆ. ತಿದ್ದಿದ ಪೇಪರ್ ಮಗುವಿನ ಕೈಗೆ, ಟೀಚರ್ ಕೈಗೆ ವಾಪಸ್ ಬರದ ಪರೀಕ್ಷೆ ಚಿಕ್ಕ ಮಕ್ಕಳಿಗೆ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತಾಯಿ, ತುಮಕೂರು: ಹಾಗಾದರೆ ಮನವಿಯಲ್ಲಿ ಏನು ಸೇರಿಸಲಿ ಮೇಡಂ?

ಉತ್ತರ: ಎರಡು ಮಾತು. ಯಾವ ಪರೀಕ್ಷೆ ಇದ್ದರೂ ಜೂನ್‌ನಲ್ಲೇ ತಿಳಿಸಿ, ವರ್ಷದ ನಡುವೆ ಸುತ್ತೋಲೆ ಬೇಡ. ತಿದ್ದಿದ ಉತ್ತರ ಪತ್ರಿಕೆ ಪೋಷಕರಿಗೆ ತೋರಿಸಿ, ಹಿಂದುಳಿದ ಮಕ್ಕಳಿಗೆ ಮತ್ತೆ ಪಾಠ ಮಾಡಿ. ಇವಿಲ್ಲದೆ "ಪರೀಕ್ಷೆ ಬೇಡ" ಎಂದಷ್ಟೇ ಬರೆದರೆ ಹಾಸನದವರ ಮಗನಂಥ ಮಕ್ಕಳಿಗೆ ಏನೂ ಸಿಗುವುದಿಲ್ಲ.

ತಂದೆ, ಹಾಸನ: ಮೇಡಂ, ನೋಟ್‌ಬುಕ್ ತೆಗೆದು ನೋಡಿದೆ. 274 ಅಂತಲೇ ಇದೆ.

ಉತ್ತರ: ಹಾಗಾದರೆ ಈ ಭಾನುವಾರ ಕಡ್ಡಿ ತೆಗೆದುಕೊಂಡು ಅವನ ಜೊತೆ ಕೂತುಕೊಳ್ಳಿ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಅಂಥ ಹತ್ತು ಕಟ್ಟು ಸೇರಿದರೆ ನೂರು. ಮೂರು ನೂರು, ಬಿಡಿ ನಾಲ್ಕು ಇಡಿ. 178 ಕೊಡು ಎನ್ನಿ. ಬಿಡಿ ಸಾಲದಾಗ ನೂರರ ಕಟ್ಟನ್ನು ಅವನೇ ಬಿಚ್ಚಲಿ, ನೀವು ಕೈ ಹಾಕಬೇಡಿ.