ಅನ್ಯಲೋಕದ ನಾಗರಿಕತೆಗಳ ಲೆಕ್ಕ: ತರ್ಕವೋ, ವಿಜ್ಞಾನವೋ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ಅನುಮಾನದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದರ, ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಸಂಕೇತ ಕಳಿಸಬಲ್ಲ ನಾಗರಿಕತೆಗಳೆಷ್ಟು ಎಂದು ಅಂದಾಜಿಸುವ ಡ್ರೇಕ್ ಸಮೀಕರಣವನ್ನು ಬೋರ್ಡಿನ ಮೇಲೆ ಬರೆದು, ನಮ್ಮ ಗ್ಯಾಲಕ್ಸಿಯಲ್ಲಿ ಸಾವಿರಾರು ನಾಗರಿಕತೆಗಳು ಇರಲೇಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ ಎಂದಳು. ಭೌತಶಾಸ್ತ್ರದ ಸಹೋದ್ಯೋಗಿಯನ್ನು ಕೇಳಿದರೆ, ಅದು ಬರೀ ಊಹೆ, ವಿಜ್ಞಾನವೇ ಅಲ್ಲ ಎಂದುಬಿಟ್ಟರು. ನನಗಂತೂ ಗುಣಾಕಾರದಲ್ಲಿ ತಪ್ಪು ಕಾಣಲಿಲ್ಲ, ಆದರೂ ತೀರ್ಮಾನವನ್ನು ಒಪ್ಪಲು ಮನಸ್ಸು ಬರಲಿಲ್ಲ. ಈ ಲೆಕ್ಕವನ್ನು ತರ್ಕ ಎನ್ನಬೇಕೋ, ವಿಜ್ಞಾನ ಎನ್ನಬೇಕೋ? ರೇಡಿಯೋ ಖಗೋಳವಿಜ್ಞಾನದಲ್ಲಿ ಕೆಲಸ ಮಾಡುವವರು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ ಸರ್. ನಿಮ್ಮ ಸಹೋದ್ಯೋಗಿಯ ಮಾತನ್ನೂ ವಿದ್ಯಾರ್ಥಿನಿಯ ಮಾತನ್ನೂ ನಾನು ಪೂರ್ತಿಯಾಗಿ ಒಪ್ಪಲಾರೆ. ಆ ಸಮೀಕರಣ ಹುಟ್ಟಿದ ಸಂದರ್ಭವನ್ನು ನೋಡಿದರೆ ತೊಡಕು ಅರ್ಧ ಬಿಡಿಸಿಕೊಳ್ಳುತ್ತದೆ. 1961ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ವೀಕ್ಷಣಾಲಯದಲ್ಲಿ ಕಾರ್ಲ್ ಸೇಗನ್, ಫಿಲಿಪ್ ಮಾರಿಸನ್ ಮೊದಲಾದ ಸುಮಾರು ಹತ್ತು ಜನ ಸೇರಿದ್ದರು. ಅಲ್ಲಿ ಏನೇನು ಚರ್ಚಿಸಬೇಕೆಂದು ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಮಾಡಿಕೊಂಡ ಪಟ್ಟಿಯೇ ಈ ಸಮೀಕರಣ. ವರ್ಷಕ್ಕೆ ಎಷ್ಟು ನಕ್ಷತ್ರಗಳು ಹುಟ್ಟುತ್ತವೆ, ಅವುಗಳಲ್ಲಿ ಎಷ್ಟಕ್ಕೆ ಗ್ರಹಗಳಿವೆ, ಒಂದೊಂದರ ಸುತ್ತ ಜೀವಕ್ಕೆ ಒಗ್ಗುವ ಗ್ರಹಗಳೆಷ್ಟು, ಅಂಥವುಗಳಲ್ಲಿ ಎಷ್ಟರ ಮೇಲೆ ಜೀವ ಮೂಡುತ್ತದೆ, ಎಷ್ಟರಲ್ಲಿ ಬುದ್ಧಿ ಬೆಳೆಯುತ್ತದೆ, ಎಷ್ಟು ಜನಾಂಗಗಳು ಸಂಕೇತ ಕಳಿಸುವ ಮಟ್ಟ ಮುಟ್ಟುತ್ತವೆ, ಮುಟ್ಟಿದ ಮೇಲೆ ಎಷ್ಟು ವರ್ಷ ಉಳಿಯುತ್ತವೆ ಎಂಬ ಏಳು ಪ್ರಶ್ನೆಗಳನ್ನು ಅವರು ಗುಣಾಕಾರದ ಚಿಹ್ನೆಗಳಿಂದ ಪೋಣಿಸಿದರು.

ಪೋಣಿಸಿರುವ ದಾರ ತರ್ಕ. ಅದರಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಅದು ಜಗತ್ತಿನ ಬಗ್ಗೆ ಹೊಸದೇನನ್ನೂ ಹೇಳುವುದಿಲ್ಲ. ವಿಜ್ಞಾನ ಇರುವುದೋ ಇಲ್ಲದಿರುವುದೋ ಮಣಿಗಳಲ್ಲಿ, ಅದನ್ನು ಒಂದೊಂದಾಗಿಯೇ ನೋಡಬೇಕು. ಗ್ರಹಗಳ ಅಂಶವನ್ನು ತೆಗೆದುಕೊಳ್ಳಿ. 1961ರಲ್ಲಿ ಅದು ಶುದ್ಧ ಊಹೆಯಾಗಿತ್ತು. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಸೂರ್ಯನಂಥ ನಕ್ಷತ್ರವೊಂದರ ಸುತ್ತ ಗ್ರಹವನ್ನು ಕಂಡರು, 2009ರಿಂದ 2018ರವರೆಗೆ ಕೆಪ್ಲರ್ ದೂರದರ್ಶಕ ಸಾವಿರಾರು ಗ್ರಹಗಳನ್ನು ಪತ್ತೆ ಮಾಡಿತು. ಈಗ ಗ್ರಹವಿರುವುದೇ ಸಾಮಾನ್ಯ, ಇಲ್ಲದಿರುವುದು ವಿರಳ ಎಂದು ಅಳತೆಯ ಬಲದಿಂದ ಹೇಳಬಹುದು. ಸಮೀಕರಣದ ಒಂದಕ್ಷರವೂ ಬದಲಾಗದೆ ಅದರ ಒಂದು ಪದ ಊಹೆಯಿಂದ ವಿಜ್ಞಾನಕ್ಕೆ ದಾಟಿತು. ಆದ್ದರಿಂದಲೇ ಇಡೀ ಸಮೀಕರಣವನ್ನು ಬರೀ ಊಹೆಯೆಂದು ತಳ್ಳಿಹಾಕುವುದು ನನಗೆ ಸರಿ ಎನಿಸುವುದಿಲ್ಲ.

ಆದರೆ ಜೀವ ಮೂಡುವ ಸಂಭವದ ವಿಷಯ ಬೇರೆ. ತರಗತಿಯಲ್ಲಿ ಹೀಗೆ ಮಾಡಿ ತೋರಿಸಿ. ವರ್ಷಕ್ಕೆ 2 ನಕ್ಷತ್ರ, ಎಲ್ಲಕ್ಕೂ ಗ್ರಹ, ಒಂದೊಂದರ ಸುತ್ತ ಜೀವಕ್ಕೆ ಒಗ್ಗುವ ಗ್ರಹ ಸರಾಸರಿ 0.2 ಎಂದಿಟ್ಟುಕೊಂಡರೆ ಗುಣಲಬ್ಧ 0.4. ಮುಂದೆ ಜೀವವೂ ಬುದ್ಧಿಯೂ ಖಂಡಿತ ಬರುತ್ತವೆ, ಹತ್ತರಲ್ಲೊಂದು ಸಂಕೇತ ಕಳಿಸುತ್ತದೆ, ಹತ್ತು ಲಕ್ಷ ವರ್ಷ ಉಳಿಯುತ್ತದೆ ಎಂದರೆ ಉತ್ತರ 40,000 ನಾಗರಿಕತೆಗಳು. ಈಗ ಜೀವ ಮೂಡುವ ಸಂಭವವೊಂದನ್ನು ಮಾತ್ರ ನೂರು ಕೋಟಿಯಲ್ಲಿ ಒಂದು ಎಂದು ಬದಲಿಸಿ. ಉತ್ತರ 0.00004ಕ್ಕೆ ಇಳಿಯುತ್ತದೆ, ಅಂದರೆ ನಮ್ಮದರಂಥ 25,000 ಗ್ಯಾಲಕ್ಸಿಗಳನ್ನು ಜಾಲಾಡಿದರೆ ಸರಾಸರಿ ಒಂದು. ಈ ಎರಡು ಬೆಲೆಗಳಲ್ಲಿ ಯಾವುದು ಸರಿ ಎಂದು ತೀರ್ಮಾನಿಸಿಕೊಡುವ ಒಂದೇ ಒಂದು ಅಳತೆ ಇಂದು ನಮ್ಮ ಕೈಯಲ್ಲಿಲ್ಲ. 2018ರಲ್ಲಿ ಆಂಡರ್ಸ್ ಸ್ಯಾಂಡ್‌ಬರ್ಗ್ ಮತ್ತು ಇಬ್ಬರು ಸಂಗಡಿಗರು ಪ್ರತಿ ಪದಕ್ಕೂ ಒಂದೇ ಸಂಖ್ಯೆಯ ಬದಲು ಅದರ ಅನಿಶ್ಚಿತತೆಯ ಪೂರ್ಣ ವ್ಯಾಪ್ತಿಯನ್ನೇ ಇಟ್ಟು ಲೆಕ್ಕ ಹಾಕಿದಾಗ, ಈ ಗ್ಯಾಲಕ್ಸಿಯಲ್ಲಿ ನಾವು ಒಂಟಿಯಾಗಿರುವ ಸಂಭವ ಗಣನೀಯವೆಂದೇ ಬಂದಿತು. ಪ್ರಾಮಾಣಿಕವಾದ ಲೆಕ್ಕ ಎಂದರೆ ಅದು.

ನಿಮ್ಮ ಶಾಸ್ತ್ರದ ಭಾಷೆಯಲ್ಲೇ ಹೇಳುವುದಾದರೆ ಇಲ್ಲಿ ಕೊರತೆಯಿರುವುದು ವ್ಯಾಪ್ತಿಜ್ಞಾನದಲ್ಲಿ, ಅಂದರೆ ಒಂದಿದ್ದಲ್ಲಿ ಇನ್ನೊಂದು ಇದ್ದೇ ಇರುತ್ತದೆ ಎಂಬ ತಿಳಿವಿನಲ್ಲಿ. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವವನು ಎಷ್ಟೋ ಅಡುಗೆಮನೆಗಳಲ್ಲಿ ಹೊಗೆ ಮತ್ತು ಬೆಂಕಿಯನ್ನು ಒಟ್ಟಿಗೆ ಕಂಡಿರುತ್ತಾನೆ, ಕೆರೆಯಂಥ ಕಡೆ ಎರಡೂ ಇಲ್ಲದ್ದನ್ನೂ ಕಂಡಿರುತ್ತಾನೆ. ಒಗ್ಗುವ ಗ್ರಹ ಮತ್ತು ಜೀವ, ಈ ಜೋಡಿಯ ವಿಷಯದಲ್ಲಿ ನಾವು ಕಂಡಿರುವುದು ಒಂದೇ ಅಡುಗೆಮನೆ, ಅದೂ ನಾವು ಹುಟ್ಟಿದ್ದೇ ಅದರೊಳಗೆ. ಜೀವ ಎಷ್ಟೇ ವಿರಳವಾಗಿರಲಿ, ಈ ಪ್ರಶ್ನೆ ಕೇಳುವವರು ಜೀವವಿರುವ ಗ್ರಹದ ಮೇಲೆಯೇ ನಿಂತು ಕೇಳಬೇಕಾಗುತ್ತದೆ. ಹೀಗಾಗಿ ಭೂಮಿಯ ಉದಾಹರಣೆ ಸಂಭವ ಹೆಚ್ಚು ಎನ್ನುವುದಕ್ಕೂ ಕಡಿಮೆ ಎನ್ನುವುದಕ್ಕೂ ಸಾಕ್ಷಿಯಾಗದು. ಆಡುಮಾತಿನಲ್ಲಿ ಅನುಮಾನ ಎಂದರೆ ಸಂಶಯ. ಸಮೀಕರಣದ ಜೀವದ ಪದದ ಮಟ್ಟಿಗೆ ನಮಗೆ ಸದ್ಯ ಸಲ್ಲುವುದು ಆ ಅರ್ಥವೇ.

ಮರುಪ್ರಶ್ನೆ: ಬಹಳ ಉಪಕಾರವಾಯಿತು ಸರ್. ಇನ್ನೊಂದು ಸಂದೇಹ. ಅಷ್ಟು ವರ್ಷಗಳಿಂದ ಹುಡುಕಿದರೂ ಏನೂ ಸಿಕ್ಕಿಲ್ಲ. ಅನುಪಲಬ್ಧಿಯಿಂದ, ಅಂದರೆ ಕಾಣದಿರುವುದರಿಂದ, ಅವರು ಇಲ್ಲ ಎಂದೇ ತೀರ್ಮಾನಿಸಬಾರದೇ?

ಉತ್ತರ: ಅನುಪಲಬ್ಧಿ ಪ್ರಮಾಣವಾಗಬೇಕಾದರೆ ಅದು ಯೋಗ್ಯವಾಗಿರಬೇಕು ಎಂಬ ನಿಯಮ ನಿಮಗೆ ಗೊತ್ತೇ ಇದೆ. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಕತ್ತಲೆ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗುವುದಿಲ್ಲ. 1960ರಲ್ಲಿ ಡ್ರೇಕ್ ರೇಡಿಯೋ ದೂರದರ್ಶಕದ 26 ಮೀಟರ್ ಡಿಶ್ಶನ್ನು ತಿರುಗಿಸಿದ್ದು ಎರಡೇ ನಕ್ಷತ್ರಗಳತ್ತ. ಅಲ್ಲಿಂದೀಚೆಗೆ ಬಹಳ ಕೆಲಸ ನಡೆದಿದೆ, ನಿಜ. ಆದರೂ ದಿಕ್ಕು, ಆವರ್ತಾಂಕ, ಕಾಲ, ಸಂಕೇತದ ಬಲ ಎಲ್ಲವನ್ನೂ ಸೇರಿಸಿ 2018ರಲ್ಲಿ ಜೇಸನ್ ರೈಟ್ ತಂಡ ಅಂದಾಜಿಸಿದ ಪ್ರಕಾರ, ಹುಡುಕಬೇಕಾದದ್ದು ಭೂಮಿಯ ಸಾಗರಗಳಷ್ಟಿದ್ದರೆ ಹುಡುಕಿರುವುದು ಒಂದು ಸಣ್ಣ ಈಜುಕೊಳದ ನೀರಿನಷ್ಟು.

ಹುಡುಕಾಟ ಮಾತ್ರ ನಿಸ್ಸಂಶಯವಾಗಿ ವಿಜ್ಞಾನ. ಪರದೆಯ ಮೇಲೆ ಸಂಕೇತದಂಥ ಕಿರಿದಾದ ಗೆರೆಯೊಂದು ಮೂಡಿದಾಗ ನಾವು ಮೊದಲು ಮಾಡುವ ಕೆಲಸ, ದೂರದರ್ಶಕವನ್ನು ನಕ್ಷತ್ರದಿಂದ ಸ್ವಲ್ಪ ಆಚೆ ತಿರುಗಿಸುವುದು. ಐದು ನಿಮಿಷ ನಕ್ಷತ್ರದ ಮೇಲೆ, ಐದು ನಿಮಿಷ ಪಕ್ಕಕ್ಕೆ, ಮತ್ತೆ ನಕ್ಷತ್ರದ ಮೇಲೆ. ಪಕ್ಕಕ್ಕೆ ಹೋದಾಗಲೂ ಗೆರೆ ಉಳಿದಿದ್ದರೆ ಅದು ಮೊಬೈಲಿನದೋ ಉಪಗ್ರಹದ್ದೋ, ಅಂತೂ ನಮ್ಮದೇ. ನಮ್ಮ ಆಸೆ ಸುಳ್ಳಾಗಲು ದಾರಿ ತೆರೆದಿಡುವ ಇಂಥ ಕ್ರಮ ಸಮೀಕರಣದ ಕೊನೆಯ ನಾಲ್ಕು ಪದಗಳಿಗೆ ಇನ್ನೂ ಒದಗಿಲ್ಲ.

ಜೀವದ ಪದಕ್ಕೆ ಅದು ಒದಗುವ ದಾರಿಯಂತೂ ಕಾಣುತ್ತಿದೆ. ಸೌರಮಂಡಲದಲ್ಲಿಯೇ ಎರಡನೆಯ ಅಡುಗೆಮನೆ ಸಿಕ್ಕರೆ, ನೂರು ಕೋಟಿಯಲ್ಲಿ ಒಂದು ಎಂಬಂಥ ಬೆಲೆಗಳನ್ನು ಬಹುಮಟ್ಟಿಗೆ ಕೈಬಿಡಬಹುದು. ಆದರೆ ಮಂಗಳದಲ್ಲಿ ಸಿಕ್ಕರೆ ಒಂದು ತೊಡಕಿದೆ. ಮಂಗಳದ ಕಲ್ಲುಗಳು ಉಲ್ಕೆಗಳಾಗಿ ಭೂಮಿಗೆ ಬಿದ್ದಿರುವುದರಿಂದ ಅಲ್ಲಿಯ ಜೀವ ನಮ್ಮ ದಾಯಾದಿಯೇ ಆಗಿರಬಹುದು, ಒಂದೇ ಒಲೆಯ ಬೆಂಕಿ ಎರಡು ಮನೆಗೆ ಹಂಚಿಹೋದಂತೆ. ಹಿಮದ ಕೆಳಗೆ ಸಾಗರವಿರುವ, ಶನಿಯ ಉಪಗ್ರಹ ಎನ್ಸೆಲಾಡಸ್‌ನಲ್ಲಿ ಸಿಕ್ಕರೆ ಆ ಸಂಶಯ ಬಹಳ ಕಡಿಮೆ. ಆದ್ದರಿಂದಲೇ ನನ್ನ ಮಟ್ಟಿಗೆ ಮಂಗಳಕ್ಕಿಂತ ಅಲ್ಲಿಂದ ಬರುವ ಸುದ್ದಿಯ ಮೇಲೆ ನಿರೀಕ್ಷೆ ಹೆಚ್ಚು.